ಕಂಬದ ಮೇಲಣ ಭಕ್ತಿ

ಭಕ್ತಿಗೆ ಏಕಾಂತ ಬೇಕು. ಆದರೆ ಏಕಾಂತವೆಲ್ಲವೂ ಭಕ್ತಿಯಲ್ಲ. ಗ್ರಂಥಗಳಲ್ಲಿ ಓದಿದ್ದ ಈ ಭೇದವನ್ನು ಈಚೆಗೆ ಒಂದು ಚಲನಚಿತ್ರ ನಮ್ಮ ಕಣ್ಣಿಗೆ ಕಟ್ಟಿಕೊಟ್ಟಿತು. ಮಠದ ಪ್ರಸಾದನಿಲಯದ ವಿದ್ಯಾರ್ಥಿಯೊಬ್ಬನು ತನ್ನ ಕಂಪ್ಯೂಟರಿನಲ್ಲಿ ತೋರಿಸಿದ ಆ ಚಿತ್ರದ ಹೆಸರು ‘ಸಿಮೋನ್ ದೆಲ್ ದೆಸಿಯೆರ್ತೊ’, ಅಂದರೆ ಮರುಭೂಮಿಯ ಸಿಮೋನ. ಸ್ಪ್ಯಾನಿಷ್ ಭಾಷೆಯ ಈ 45 ನಿಮಿಷಗಳ ಚಿತ್ರವನ್ನು ಲೂಯಿಸ್ ಬುನ್ಯುಯೆಲ್ ಎಂಬ ನಿರ್ದೇಶಕನು 1965ರಲ್ಲಿ ಮೆಕ್ಸಿಕೊದಲ್ಲಿ ತಯಾರಿಸಿದನು. ಅವನು ನಾಸ್ತಿಕನೆನಿಸಿಕೊಂಡವನು. ಆದರೂ ಸಾಧಕರು ನೋಡಬೇಕಾದ ಚಿತ್ರವಿದು.

ಐದನೆಯ ಶತಮಾನದಲ್ಲಿ ಸಿರಿಯಾದ ಕ್ರೈಸ್ತ ತಪಸ್ವಿಯೊಬ್ಬನು ಕಂಬದ ಮೇಲೆ ದಶಕಗಳ ಕಾಲ ನಿಂತು ದೇವರನ್ನು ಧ್ಯಾನಿಸಿದನು. ಅವನ ಕಥೆಯೇ ಚಿತ್ರಕ್ಕೆ ಆಧಾರ. ಸಿಮೋನನ ತಪಸ್ಸು ನಿಜವಾದುದು. ಸೈತಾನನು ಹೆಣ್ಣಾಗಿ ಬಂದರೂ ಅವನು ಕದಲುವುದಿಲ್ಲ. ಕೈಗಳನ್ನು ಕಳೆದುಕೊಂಡ ಕಳ್ಳನಿಗೆ ಅವನು ಪ್ರಾರ್ಥನೆಯಿಂದ ಕೈಗಳನ್ನು ಮರಳಿ ಕೊಡಿಸುತ್ತಾನೆ. ಆ ಕೈ ಮಾಡಿದ ಮೊದಲ ಕೆಲಸವೆಂದರೆ ತನ್ನ ಮಗುವಿಗೆ ಹೊಡೆದದ್ದು! ಕಂಬದ ಸಮೀಪದಲ್ಲೇ ಸಿಮೋನನ ಹೆತ್ತ ತಾಯಿ ಇದ್ದಾಳೆ. ಅವಳ ಪ್ರೀತಿಯನ್ನೂ ದೇವರಿಗೂ ತನಗೂ ನಡುವೆ ಅವನು ಬರಗೊಡುವುದಿಲ್ಲ. ಆದರೆ ನೆಲದ ಮೇಲೆ ಓಡಾಡಿ, ಆ ತಾಯಿಯ ಮಡಿಲಿನಲ್ಲಿ ತಲೆಯಿಡುವ ಕನಸು ಮಾತ್ರ ಅವನನ್ನು ಬಿಡುವುದಿಲ್ಲ.

ವಾಚಕರೇ, ವಿರಕ್ತರಾದವರು ಈ ದೃಶ್ಯವನ್ನು ಸುಲಭವಾಗಿ ದಾಟಲಾರರು. ನಮ್ಮ ಪೂರ್ವಾಶ್ರಮದ ತಾಯಿ ಕುಷ್ಟಗಿ ತಾಲ್ಲೂಕಿನ ಹಳ್ಳಿಯಿಂದ ಮಠಕ್ಕೆ ಬಂದಾಗಲೆಲ್ಲ ಭಕ್ತರ ಸಾಲಿನಲ್ಲಿಯೇ ನಿಂತು, ‘ಅಜ್ಜಾರ, ಶರಣ್ರಿ’ ಎನ್ನುತ್ತಿದ್ದರು. ಮಗನೆಂದು ಒಮ್ಮೆಯೂ ಕರೆಯಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ಇತರ ತಾಯಂದಿರೊಡನೆ ರೊಟ್ಟಿ ಬಡಿಯುತ್ತಿದ್ದರು. ಆ ರೊಟ್ಟಿಗಳು ಪಂಕ್ತಿಯ ಮಕ್ಕಳಿಗೆಲ್ಲ ಹೋಗುತ್ತಿದ್ದವು. ಒಂದು ನಮಗೂ ಬರುತ್ತಿತ್ತು. ಅವರು ಬಡಿದ ರೊಟ್ಟಿ ಯಾವುದೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಅಗಲಿಕೆಯ ನೋವು ಇಬ್ಬರಿಗೂ ಇತ್ತು. ಆದರೆ ಆ ಪ್ರೀತಿ ಬತ್ತಲಿಲ್ಲ, ಪಂಕ್ತಿಯಷ್ಟು ಅಗಲವಾಯಿತು.

ಕಠೋರ ತಪಸ್ಸು ನಮ್ಮ ಸೀಮೆಗೆ ಹೊಸದಲ್ಲ. ಜೈನ ಮುನಿಗಳು ಸಲ್ಲೇಖನದಿಂದ ದೇಹವನ್ನು ತ್ಯಜಿಸಿದ ಕೊಪಣತೀರ್ಥವೇ ಇಂದಿನ ಕೊಪ್ಪಳ. ಇಲ್ಲಿಯ ಗವಿಮಠದ ಹೆಸರಿನಲ್ಲಿಯೇ ಏಕಾಂತವಿದೆ. ಆದರೆ ಜಾತ್ರೆ ಬಂದಿತೆಂದರೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಜೋಳದ ರೊಟ್ಟಿ, ದವಸಧಾನ್ಯಗಳು ಗಾಡಿಗಟ್ಟಲೆ ಹರಿದುಬರುತ್ತವೆ. ಗವಿಯ ಬೆಟ್ಟದಡಿಯಲ್ಲಿ ಮಹಾದಾಸೋಹ ನಡೆಯುತ್ತದೆ. ಮೇಲೆ ಗವಿ, ಕೆಳಗೆ ದಾಸೋಹ. ಇವೆರಡರ ನಡುವಿನ ಮೆಟ್ಟಿಲುಗಳೇ ಶರಣಧರ್ಮ.

ಅಕ್ಕಮಹಾದೇವಿಗಿಂತ ಏಕಾಕಿಯಾದವರು ಯಾರು? ಅರಮನೆಯನ್ನು ತೊರೆದ ಆ ತಾಯಿಗೆ ಚೆನ್ನಮಲ್ಲಿಕಾರ್ಜುನನೊಬ್ಬನೇ ಪತಿ. ಆದರೂ ಅವಳು ಕಲ್ಯಾಣಕ್ಕೆ ಬಂದಳು, ಅನುಭವ ಮಂಟಪದಲ್ಲಿ ಪ್ರಭುದೇವರ ಕಠಿನ ಪ್ರಶ್ನೆಗಳಿಗೆ ಉತ್ತರವಿತ್ತಳು, ಶರಣರಲ್ಲಿ ಬಂಧುಬಳಗವನ್ನು ಕಂಡಳು. ಅದಾದ ಬಳಿಕವೇ ಅವಳು ಶ್ರೀಶೈಲದ ಕದಳಿಗೆ ನಡೆದದ್ದು. ಸಿಮೋನನಿಗೆ ಅಂಥ ಕಲ್ಯಾಣ ದೊರೆಯಲಿಲ್ಲ. ಚಿತ್ರದ ಕೊನೆಯಲ್ಲಿ ಸೈತಾನನು ಅವನನ್ನು ಇಂದಿನ ಕಾಲದ ನ್ಯೂಯಾರ್ಕ್ ನಗರದ ನೃತ್ಯಶಾಲೆಗೆ ಒಯ್ಯುತ್ತಾನೆ. ಕಂಬದ ಮೇಲೆ ಒಂಟಿಯಾಗಿದ್ದವನು ಆ ಜನಸಂದಣಿಯಲ್ಲಿಯೂ ಒಂಟಿಯೇ.

ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ದೃಷ್ಟಿಯಿಟ್ಟು ಕುಳಿತಾಗ ನಾವೆಲ್ಲರೂ ಒಬ್ಬೊಬ್ಬರೇ. ಆ ಏಕಾಂತ ಪವಿತ್ರವಾದುದು. ಆದರೆ ಪೂಜೆ ಮುಗಿದ ಮೇಲೆ ಅದೇ ಕೈ ಏನು ಮಾಡುತ್ತದೆ? ಮಗುವಿಗೆ ಹೊಡೆಯುತ್ತದೆಯೋ, ಹಸಿದವರ ತಟ್ಟೆಗೆ ನೀಡುತ್ತದೆಯೋ? ನಮ್ಮ ಭಕ್ತಿಯ ಪರೀಕ್ಷೆ ಅಲ್ಲಿದೆ.