ನೂರೆಂಬತ್ತು ದಿನದ ಮಾತು

ನಮ್ಮತ್ತೆಯ ಹಸೆ ಹಾಡುಗಳು ಈಗ ಇರುವುದು ನಡುಮನೆಯ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಯಷ್ಟೂ ಎತ್ತರವಿಲ್ಲದ ಒಂದು ಪುಟ್ಟ ಪೆಟ್ಟಿಗೆಯೊಳಗೆ. ದೀಪಾವಳಿಗೆ ಬಂದ ಮಗ ಅದನ್ನು ಅಲ್ಲಿ ಕೂರಿಸಿ, ನೆಕ್ಸ್ಟ್‌ಕ್ಲೌಡ್ ಎಂಬ ತಂತ್ರಾಂಶ ಹಾಕಿಕೊಟ್ಟು ಪುಣೆಗೆ ಹೊರಟುಹೋದ. ಕ್ಲೌಡ್ ಎಂದರೆ ಮೋಡ ತಾನೇ? ಉಳಿದವರ ಮೋಡ ಯಾವುದೋ ದೂರದ ಕಂಪನಿಯಲ್ಲಿದ್ದರೆ ನಮ್ಮದು ಮನೆಯಲ್ಲೇ ಇದೆ. ಸಾಗರದಂಥ ಮಳೆಯೂರಿನಲ್ಲಿ ಮೋಡವನ್ನು ಒಳಗೆ ತಂದು ಸಾಕಿಕೊಂಡವಳು ನಾನೊಬ್ಬಳೇ ಇರಬೇಕು ಎಂದು ನಮ್ಮವರು ನಗುತ್ತಾರೆ.

ಅತ್ತೆ ಹಾಡಿದ್ದನ್ನು ನಾದಿನಿ ತನ್ನ ಫೋನಿನಲ್ಲಿ ಹಿಡಿದಿಟ್ಟದ್ದು 2017ರಲ್ಲಿ. ಮರುವರ್ಷ ಅತ್ತೆ ತೀರಿಕೊಂಡರು. ಹಸೆಗೆ ಕರೆಯುವುದು, ಎಣ್ಣೆಶಾಸ್ತ್ರ, ಹೆಣ್ಣೊಪ್ಪಿಸುವುದು ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು ಹಾಡು. ಬರೆದಿಟ್ಟವರಿಲ್ಲ, ಪೂರ್ತಿ ಬಲ್ಲವರೂ ಇಲ್ಲ. ಹಾಗಾಗಿ ಆ ಪೆಟ್ಟಿಗೆಯ ಮೇಲೆ ನನಗೆ ಹೆಚ್ಚು ಕಣ್ಣು.

ಮಗ ಹೋದ ಮೇಲೆ ಆಡಳಿತದ ಪುಟದಲ್ಲಿ ಹಳದಿ ಬಣ್ಣದ ಎಚ್ಚರಿಕೆಯೊಂದು ಕಂಡಿತು. ಸ್ಟ್ರಿಕ್ಟ್ ಟ್ರಾನ್ಸ್‌ಪೋರ್ಟ್ ಸೆಕ್ಯುರಿಟಿ ಎಂಬ ಹೆಡರ್ ಕನಿಷ್ಠ 15552000 ಸೆಕೆಂಡಿಗೆ ಇಟ್ಟಿಲ್ಲ ಎಂಬ ದೂರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು, ಸಂಖ್ಯೆ ಕಂಡರೆ ಕೈ ಸುಮ್ಮನಿರುತ್ತದೆಯೇ? ದಿನಕ್ಕೆ 86400 ಸೆಕೆಂಡು. ಭಾಗಿಸಿದೆ. ಶೇಷವಿಲ್ಲದೆ 180 ದಿನ.

ಹೆಡರ್ ಎಂದರೇನೆಂದು ಕೇಳುತ್ತೀರಾ? ಮಕ್ಕಳನ್ನು ಬೇರೆಯವರ ಮನೆಗೆ ಕಳಿಸುವ ಮುನ್ನ ನಿಲ್ಲಿಸಿಕೊಂಡು ನಾಲ್ಕು ಮಾತು ಹೇಳುತ್ತೇವಲ್ಲ, ಅಂಥದ್ದು. ನಾವು ಪುಟ ಕೇಳಿದಾಗ ಸರ್ವರು ಪುಟಕ್ಕಿಂತ ಮೊದಲು ಬ್ರೌಸರಿಗೆ ಕೆಲವು ಸಾಲು ಹೇಳುತ್ತದೆ. ನನ್ನ ಪುಟವನ್ನು ಬೇರೆ ತಾಣದ ಚೌಕಟ್ಟಿನೊಳಗೆ ತೋರಿಸಬೇಡ. ಕಡತ ಯಾವ ಬಗೆಯದೆಂದು ನಾನು ಹೇಳಿದ್ದೇನೆ, ನೀನು ಮೂಸಿ ನೋಡಿ ಬೇರೆ ಅರ್ಥ ಮಾಡಬೇಡ. ಇಲ್ಲಿಂದ ಇನ್ನೊಂದೆಡೆ ಹೋದಾಗ ಎಲ್ಲಿಂದ ಬಂದೆ ಎಂದು ಬಾಯಿಬಿಡಬೇಡ. ಈ ಕೊನೆಯದರ ಹೆಸರು ರೆಫರರ್ ಪಾಲಿಸಿ. ಎಲ್ಲಿಂದ ಬಂದೆ ಎಂದು ಹೇಳುವ ಮೂಲ ಹೆಡರಿನ ಹೆಸರಿನಲ್ಲಿ ಒಂದು ‘ಆರ್’ ಬಿಟ್ಟುಹೋಗಿ, ಆ ತಪ್ಪು ಕಾಗುಣಿತವೇ 1996ರ ದಾಖಲೆಯಲ್ಲಿ ಅಚ್ಚಾಗಿ, ಇವತ್ತಿಗೂ ಹಾಗೇ ನಡೆದುಕೊಂಡು ಬಂದಿದೆ. ಕೆಂಪು ಶಾಯಿಯ ಪೆನ್ನಿಗಾಗಿ ನನ್ನ ಕೈ ತಡಕಾಡಿತು.

ಗಮನಿಸಿ, ಈ ಸಾಲುಗಳು ನಮ್ಮ ಮನೆಗೆ ಬೀಗ ಹಾಕುವುದಿಲ್ಲ. ಬಂದವರ ಬ್ರೌಸರು ಹೇಗೆ ನಡೆದುಕೊಳ್ಳಬೇಕೆಂದು ಹೇಳುತ್ತವೆ, ಅಷ್ಟೆ. ಹೆಚ್ಚಿನವನ್ನು ನೆಕ್ಸ್ಟ್‌ಕ್ಲೌಡ್ ತಾನೇ ಹೇಳಿಕೊಳ್ಳುತ್ತದೆ. ನನ್ನ ಪಾಲಿಗೆ ಬಂದದ್ದು 2012ರಲ್ಲಿ ಪದ್ಧತಿಯಾದ ಆ ‘ಸ್ಟ್ರಿಕ್ಟ್’. ‘ಇನ್ನು ನೂರೆಂಬತ್ತು ದಿನ ಸುರಕ್ಷಿತ ದಾರಿಯಲ್ಲೇ ಬಾ. ನನ್ನ ಗುರುತಿನ ಪತ್ರ ಸರಿಯಿಲ್ಲದಿದ್ದರೆ, ನಿನ್ನ ಯಜಮಾನರು ಎಷ್ಟೇ ಹೇಳಿದರೂ ಒಳಗೆ ಬರಬೇಡ’ ಎಂದು ಬ್ರೌಸರಿಗೆ ಕಟ್ಟುಮಾಡುವ ಸಾಲು ಅದು. ಪ್ರತಿ ಭೇಟಿಯಲ್ಲೂ ಲೆಕ್ಕ ಮತ್ತೆ ಮೊದಲಿನಿಂದ ಶುರು. ಹೋಟೆಲಿನ ಪುಕ್ಕಟೆ ವೈಫೈಯಲ್ಲಿ ಯಾರೋ ನಡುವೆ ಕುಳಿತು ನಮ್ಮನ್ನು ಅಡ್ಡದಾರಿಗೆ ಎಳೆಯದಂತೆ ಈ ಏರ್ಪಾಡು.

ಅಪಾಚೆಯ ಕಡತ ತೆರೆದು ಸಾಲು ಬರೆದೆ. ಸರ್ವರು ಏಳಲೇ ಇಲ್ಲ! ಹೆಡರ್ ಕಳಿಸುವ ಭಾಗವನ್ನು ಚಾಲೂ ಮಾಡಿರಲಿಲ್ಲ. ಅದನ್ನೂ ಮಾಡಿದೆ. ಹಳದಿ ಹೋಯಿತು. ಆ ಹುರುಪಿನಲ್ಲೇ ಇನ್ನೊಂದು ಜಾಣತನ ಮಾಡಿದೆ. ಎಲ್ಲರೂ ಸುರಕ್ಷಿತವಾದ 443ನೇ ಬಾಗಿಲಿನಲ್ಲೇ ಬರುವಾಗ ಹಳೆಯ 80ನೇ ಬಾಗಿಲು ಏಕೆಂದು ರೌಟರಿನಲ್ಲಿ ಅದನ್ನು ಮುಚ್ಚಿಬಿಟ್ಟೆ.

ನಾದಿನಿಯ ಮಗಳ ಮದುವೆಗೆ ಎಂಟು ದಿನವಿತ್ತು. ಮೈಸೂರಿನಲ್ಲಿ ಸಂಜೆ ಸಂಜೆ ನೆರೆಯ ಹೆಂಗಸರನ್ನು ಕೂರಿಸಿಕೊಂಡು ಅಮ್ಮನ ಹಾಡು ಕೇಳಿಸಿ ಕಲಿಸುತ್ತಿದ್ದಳು. ಫೋನು ಬಂತು. “ಅತ್ತಿಗೆ, ಅಮ್ಮನ ಹಾಡು ಬರ್ತಾ ಇಲ್ಲ. ಏನೋ ಅಪಾಯ ಅಂತ ಕೆಂಪಗೆ ತೋರಿಸ್ತಿದೆ.”

“ಕೆಳಗೆ ಮುಂದುವರಿಯಿರಿ ಅಂತ ಇರುತ್ತೆ ನೋಡು, ಒತ್ತು.”

“ಅದೇ ಇಲ್ಲ ಅತ್ತಿಗೆ.”

ಇರುವುದಾದರೂ ಹೇಗೆ? ಇರಬಾರದೆಂದು ಹೇಳಿಕೊಟ್ಟವಳೇ ನಾನು. ನನ್ನ ಫೋನಿನಲ್ಲಿ ನೋಡಿದರೆ ಅಲ್ಲೂ ಅದೇ. ನಮ್ಮವರು ಪೇಪರು ಮಡಚಿಟ್ಟು, “ಅಮ್ಮನ ಹಾಡು ಹೋಯ್ತೇನೇ?” ಎಂದರು. ಮೆಲ್ಲಗೇ ಕೇಳಿದರು. ಆ ಮೆಲುದನಿಗೇ ನನ್ನ ಕೈ ತಣ್ಣಗಾಯಿತು. ಹಾಡಿನ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ, ನಾದಿನಿಯ ಆ ಹಳೆಯ ಫೋನು ಎಂದೋ ಕೆಟ್ಟಿತ್ತು.

ಮಗನಿಗೆ ಫೋನು ಮಾಡಿದೆ. “ಅಮ್ಮಾ, ಎಂಬತ್ತನ್ನ ಮುಚ್ಚಿದ್ದೀಯಾ?” ಎಂದ, ಪಕ್ಕದಲ್ಲೇ ನಿಂತು ನೋಡಿದವನ ಹಾಗೆ.

ವಿಷಯ ಇಷ್ಟು. ನಮ್ಮ ಗುರುತಿನ ಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಹಣ ಕೇಳದೆ ಕೊಡುತ್ತದೆ. ನಮ್ಮದಕ್ಕೆ ತೊಂಬತ್ತು ದಿನದ ಆಯುಸ್ಸು. ನವೀಕರಿಸುವಾಗ ಅವರು ಬಂದು ಬಾಗಿಲು ತಟ್ಟಿ ನೋಡುತ್ತಾರೆ, ಮಗ ಆರಿಸಿದ್ದ ವಿಧಾನದಲ್ಲಿ ತಟ್ಟುವುದು 80ನೇ ಬಾಗಿಲನ್ನೇ. ಅವಧಿಗೆ ತಿಂಗಳಿರುವಾಗಿನಿಂದ ಪೆಟ್ಟಿಗೆ ದಿನಕ್ಕೆರಡು ಸಲ ಪ್ರಯತ್ನಿಸಿ, ಸೋತು, ಸೋತೆನೆಂದು ತನ್ನ ದಿನಚರಿಯಲ್ಲಿ ಬರೆದಿಟ್ಟಿತ್ತು. ಓದುವವಳು ನಾನು, ಓದಿರಲಿಲ್ಲ. ಹಿಂದೆ ಅವಧಿ ಮುಗಿಯುವ ಮುನ್ನ ಸಂಸ್ಥೆಯಿಂದ ಮಿಂಚಂಚೆ ಬರುತ್ತಿತ್ತಂತೆ, 2025ರ ಜೂನ್‌ನಲ್ಲಿ ಅದು ನಿಂತಿದೆ. ದೂರುವಂತಿಲ್ಲ. ಬಾಗಿಲು ಹಾಕಿಕೊಂಡವಳು ನಾನು.

80ನ್ನು ತೆರೆದು, ನವೀಕರಿಸುವ ಆಜ್ಞೆ ಕೊಟ್ಟು, ಅಪಾಚೆಯನ್ನು ಮತ್ತೆ ಎಬ್ಬಿಸಿದ್ದಕ್ಕೆ ಐದು ನಿಮಿಷ ಹಿಡಿಯಿತು. ಆ ಐದು ನಿಮಿಷಕ್ಕೆ ಮುಂಚಿನ ಎರಡು ಗಂಟೆಯನ್ನು ಮಾತ್ರ ಹೇಗೆ ಕಳೆದೆನೋ.

“ಆ ಸ್ಟ್ರಿಕ್ಟ್ ಸಾಲು ತೆಗೆದುಬಿಡೇ, ನಮ್ಮಂಥವರಿಗೆ ಯಾಕದು?” ಎಂದರು ನಮ್ಮವರು. ತೆಗೆಯಲಿಲ್ಲ. ಅದು ಮಾಡಬೇಕಾದದ್ದನ್ನೇ ಮಾಡಿತ್ತು. ನಾದಿನಿಯ ಫೋನಿಗೆ ಬಾಗಿಲಲ್ಲಿ ನಿಂತವಳು ಅತ್ತಿಗೆಯೋ ಕಳ್ಳರೋ ಗೊತ್ತಾಗುವುದು ಹೇಗೆ, ಪತ್ರವೇ ಹಳೆಯದಾಗಿದ್ದರೆ? ಅದರ ಬದಲು ಗೋಡೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ತಂದ ತಾರೀಖಿನ ಜೊತೆಗೇ ಪತ್ರದ ಕೊನೆಯ ದಿನವನ್ನೂ ಗುರುತು ಹಾಕಿದೆ. ಹಾಡುಗಳನ್ನು ಎರಡು ಪೆನ್‌ಡ್ರೈವಿಗೆ ಇಳಿಸಿ, ಒಂದನ್ನು ಬೀರುವಿನಲ್ಲಿಟ್ಟು ಇನ್ನೊಂದನ್ನು ಮದುವೆಗೆ ಹೋದಾಗ ನಾದಿನಿಯ ಕೈಗೆ ಕೊಟ್ಟೆ.

ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಇದಕ್ಕೇನೂ ಸ್ಟ್ರಿಕ್ಟು ಇಲ್ಲ ತಾನೇ ಅತ್ತಿಗೆ?” ಎಂದು ಕೇಳಿ, ಹಸೆಗೆ ಹೊತ್ತಾಯಿತೆಂದು ಒಳಗೆ ಓಡಿದಳು.