ಊಟದ ಡಬ್ಬಿಯ ಬೆಲ್ಲ

ಸಂಸಾರವೆಂದ ಮೇಲೆ ಹಬ್ಬ ಹರಿದಿನಗಳೂ ಉಂಟು, ಸಾವು ನೋವುಗಳೂ ಉಂಟು. ಇವು ಒಂದರ ಹಿಂದೆ ಒಂದು ಸರದಿಯಂತೆ ಬರುವುವೆಂದು ನಾವು ಬಹುಕಾಲ ತಿಳಿದಿದ್ದೆವು. ಎರಡೂ ಒಂದೇ ದಿನ ಒಂದೇ ಬಾಗಿಲಿನಿಂದ ಒಳಗೆ ಬರುವುದುಂಟೆಂಬುದನ್ನು ನಮಗೆ ಕಲಿಸಿದ್ದು 2001ನೆಯ ಇಸವಿಯ ಯುಗಾದಿ. ಅಂದು ನಮ್ಮ ಮನೆಯಲ್ಲಿ ನಡೆದುದು ದೊಡ್ಡ ಸಂಗತಿಯೇನೂ ಅಲ್ಲ. ಆದರೂ ನಮ್ಮಂತಹ ಗೃಹಸ್ಥರಿಗೆ ಉಪಯೋಗಕ್ಕೆ ಬಂದೀತೆಂದು ನಂಬಿ ಅದನ್ನು ವಾಚಕರ ಮುಂದಿಡುತ್ತೇವೆ.

ನಮ್ಮದು ಕೋಲಾರದ ಚಿನ್ನದ ಗಣಿಗಳ ಊರು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೆಲಸಕ್ಕೆ ಕೈಹಾಕಿದ ಮೇಲೆ ತಮಿಳರು, ತೆಲುಗರು, ಕನ್ನಡಿಗರು ಎಲ್ಲರೂ ಬಂದು ಸಾಲುಮನೆಗಳಲ್ಲಿ ಒಂದೇ ಗೋಡೆಯ ಆಚೆ ಈಚೆ ನೆಲಸಿದರು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಮೊದಲು ಬಂದುದು ಈ ಗಣಿಗಳಿಗೇ. ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದುದು ಅನಂತರ, 1905ರಲ್ಲಿ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಕಾದು ಬಿಸಿಯಾಗಿರುತ್ತಿತ್ತು. ಒಮ್ಮೊಮ್ಮೆ ಒಳಗೆ ಬಂಡೆ ಸಿಡಿಯುವುದು. ಮೇಲೆ ನಮ್ಮ ಅಡಿಗೆಮನೆಯ ಪಾತ್ರೆಗಳು ಗಲಗಲನೆ ಅಲುಗುವುವು. ಕೂಡಲೇ ಹೆಂಗಸರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬಾಗಿಲಿಗೆ ಬಂದು, ಗಣಿಯ ಕಡೆಗೇ ನೋಡುತ್ತ ನಿಲ್ಲುವರು. ಇಂತಹ ಊರಿನಲ್ಲಿ ಇಂದಿನ ನಗುವನ್ನು ನಾಳೆಗೆಂದು ತೆಗೆದಿಡುವವರು ಕಡಮೆ.

ನಮ್ಮ ತಂದೆಯವರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಗಣಿಯೊಳಗೆ ದುಡಿದರು. ಅವರದೊಂದು ಅಲ್ಯುಮಿನಿಯಮ್ ಊಟದ ಡಬ್ಬಿ. ನಾವು ಮಕ್ಕಳಾಗಿದ್ದಾಗ, ಅವರು ಪಾಳಿ ಮುಗಿಸಿ ಬಂದೊಡನೆ ಆ ಡಬ್ಬಿಗಾಗಿ ಮುತ್ತಿಕೊಳ್ಳುತ್ತಿದ್ದೆವು. ಅದರಲ್ಲಿ ತಪ್ಪದೆ ಒಂದು ಚೂರು ಬೆಲ್ಲವಿರುವುದು. “ಇದು ಎಷ್ಟು ಆಳ ನೋಡಿಬಂದ ಬೆಲ್ಲ, ಗೊತ್ತೆ?” ಎನ್ನುವರು. ಬೆಳಿಗ್ಗೆ ಅಮ್ಮನೇ ಇಟ್ಟ ಬೆಲ್ಲವೆಂದು ನಾವು ಬಲ್ಲೆವು. ಆದರೂ ಭೂಮಿಯ ಹೊಟ್ಟೆಗೆ ಹೋಗಿಬಂದ ಮೇಲೆ ಅದರ ರುಚಿಯೇ ಬೇರೆಯಾಗಿ ತೋರುತ್ತಿತ್ತು. ರಜಾದಿನಗಳಲ್ಲಿ ನಮ್ಮನ್ನು ಚಾಂಪಿಯನ್ ನಿಲ್ದಾಣದಲ್ಲಿ ರೈಲು ಹತ್ತಿಸಿ ಬಂಗಾರಪೇಟೆಗೆ ಕರೆದೊಯ್ಯುವರು. ಅಲ್ಲಿ ಮದರಾಸಿನ ಕಡೆಗೆ ಹೋಗುವ ದೊಡ್ಡ ಗಾಡಿಗಳನ್ನು ನೋಡುತ್ತ, ಡಬ್ಬಿಗಳನ್ನು ಎಣಿಸುವುದೇ ಆಟ. ತಂದೆಯವರು ಬೇಕೆಂದೇ ತಪ್ಪಾಗಿ ಎಣಿಸುವರು. “ತಪ್ಪು, ತಪ್ಪು!” ಎಂದು ನಾವು ಕೂಗುವೆವು. ಮುಂದೆ ಮೊಮ್ಮಕ್ಕಳೊಡನೆಯೂ ಅದೇ ಬೆಲ್ಲ, ಅದೇ ಆಟ.

2000ನೆಯ ಇಸವಿಯ ಕಾರ್ತಿಕದಲ್ಲಿ ತಂದೆಯವರು ತೀರಿಕೊಂಡರು. ಮನೆಗೆ ಹಿರಿಯ ಮಗನೆಂದು ನಾವು ಆಗ ಮಾಡಿದ ಏರ್ಪಾಡುಗಳನ್ನು ನೆನೆದರೆ ಇಂದು ನಾಚಿಕೆಯಾಗುತ್ತದೆ. ಅಮ್ಮನ ಮುಂದೆ ತಾತನ ಮಾತೆತ್ತಬಾರದೆಂದು ಮಕ್ಕಳಿಗೆ ಕಟ್ಟುಮಾಡಿದೆವು. ಊಟದ ಡಬ್ಬಿಯನ್ನು ಯಾರ ಕಣ್ಣಿಗೂ ಬೀಳದಂತೆ ಅಟ್ಟದ ಮೇಲಿಟ್ಟೆವು. ವರ್ಷ ತುಂಬುವವರೆಗೆ ಹಬ್ಬ ಮಾಡದಿರುವುದು ನಮ್ಮಲ್ಲಿ ರೂಢಿ; ನಾವು ಅದಕ್ಕೆ ನಗೆಯ ನಿಷೇಧವನ್ನೂ ಸೇರಿಸಿದೆವು.

ಡಿಸೆಂಬರಿನಲ್ಲಿ ಗೋಡೆಯ ಆಚೆಯ ತಮಿಳು ಕ್ರೈಸ್ತ ಗೃಹಿಣಿಯು ಕಲ್‌ಕಲ್ ತಿಂಡಿಗೆ ಹಿಟ್ಟು ನಾದಿಕೊಂಡು ನಮ್ಮ ಮಕ್ಕಳನ್ನು ಕರೆಯಬಂದರು. ಉಂಡೆಗಳನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡುವ ಕೆಲಸ ಪ್ರತಿ ವರ್ಷವೂ ಮಕ್ಕಳದೇ. ನಾವು ಬೇಡವೆಂದೆವು. ಆಕೆ ನಮ್ಮ ಕಡೆ ನೋಡದೆ ಅಮ್ಮನಿಗೆ, “ಅಕ್ಕಾ, ಸೂತಕ ನಿಮ್ಮ ಮನೆಯದು, ಹಬ್ಬ ನಮ್ಮ ಮನೆಯದು. ಮಕ್ಕಳು ಎರಡು ಮನೆಗೂ ಸೇರಿದವರಲ್ಲವೆ?” ಎಂದರು. ಅಮ್ಮ ತಲೆಯಾಡಿಸಿದರು. ಮಕ್ಕಳು ಓಡಿದರು.

ಎರಡನೆಯ ಪೆಟ್ಟು ಫೆಬ್ರವರಿಯಲ್ಲಿ ಬಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ನೂರಿಪ್ಪತ್ತು ವರ್ಷಗಳ ಕೆಲಸ ನಿಂತಿತು. ನಮಗೆ ಬೆಂಗಳೂರಿನಲ್ಲಿ ಉದ್ಯೋಗವಿದ್ದುದರಿಂದ ಒಲೆ ಆರಲಿಲ್ಲ. ಆದರೆ ತಂದೆಯವರ ಹಿಂದೆಯೇ ಗಣಿಗೆ ಸೇರಿದ್ದ ನಮ್ಮ ತಮ್ಮನು ಮಾತು ಬಿಟ್ಟನು. ಬೆಳಿಗ್ಗೆ ಪಾಳಿಯ ಹೊತ್ತಿಗೆ ಎದ್ದು ಸ್ನಾನಮಾಡಿ, ಹೋಗಲು ಎಡೆಯಿಲ್ಲದೆ ಜಗಲಿಯಲ್ಲಿ ಕುಳಿತುಬಿಡುವನು.

ತಿಂಗಳು ತುಂಬುವ ಮೊದಲೇ ವೃಷ ಸಂವತ್ಸರದ ಯುಗಾದಿ ಬಂದಿತು. ಊರಿನಲ್ಲಿಯೇ ಸದ್ದು ಕಡಮೆ. ನಮ್ಮ ಮನೆಗೆ ತೋರಣವೂ ಇಲ್ಲ. ತಮ್ಮನ ಆರು ವರ್ಷದ ಮಗಳು ಅಟ್ಟದಲ್ಲಿ ಏನನ್ನೋ ಹುಡುಕಹೋಗಿ ಆ ಡಬ್ಬಿಯನ್ನು ಹಿಡಿದು ಇಳಿದಳು. ನೇರವಾಗಿ ಅಮ್ಮನ ಮುಂದೆ ನಿಂತು, “ಅಜ್ಜಿ, ತಾತ ಇದರಲ್ಲಿ ಬೆಲ್ಲ ಇಟ್ಟು ಹೋಗಲಿಲ್ಲವೆ?” ಎಂದಳು. ನಾವು ಗದರಿಸಲು ಬಾಯಿ ತೆರೆದೆವು. ಅಮ್ಮ ಕೈಯೆತ್ತಿ ತಡೆದರು. ಡಬ್ಬಿಯನ್ನು ತೆಗೆದುಕೊಂಡು ಸೆರಗಿನಿಂದ ಧೂಳೊರಸಿ, “ಇದನ್ನು ಇಷ್ಟು ದಿನ ಹುಡುಕುತ್ತಿದ್ದೆನಪ್ಪಾ. ನೀನು ಬಚ್ಚಿಟ್ಟಿದ್ದೆಯಾ?” ಎಂದು ನಮ್ಮನ್ನು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಅಮ್ಮ ಬೇವಿನ ಹೂವು ಬೆಲ್ಲಗಳನ್ನು ಕಲಸಿ ಡಬ್ಬಿಗೆ ತುಂಬಿದರು. “ಜನ ಏನೆಂದಾರು?” ಎಂದೆವು. “ಈ ವರ್ಷದ ಬೇವನ್ನು ನಾವು ಸಾಕಷ್ಟು ತಿಂದಿದ್ದೇವೆ. ಮಕ್ಕಳ ಪಾಲಿನ ಬೆಲ್ಲವನ್ನು ನಾವೇಕೆ ಕಸಿಯಬೇಕು? ಮನೆಯಲ್ಲಿ ಹಬ್ಬ ಬೇಡ, ಬಂಗಾರಪೇಟೆಗೆ ಹೋಗಿಬರೋಣ” ಎಂದರು.

ಹೊರಟೆವು. ಊರ್ಗಾಂ, ಕೋರಮಂಡಲ ನಿಲ್ದಾಣಗಳು ಹಿಂದೆ ಸರಿದುವು. ಸಯನೈಡು ಮಣ್ಣಿನ ಗುಡ್ಡಗಳು ಬಿಸಿಲಿಗೆ ಬೆಳ್ಳಗೆ ತೋರಿದುವು. ಬಂಗಾರಪೇಟೆಯ ಪ್ಲಾಟ್‌ಫಾರಮಿನ ಬೆಂಚಿನ ಮೇಲೆ ಕುಳಿತು ಬೇವುಬೆಲ್ಲ ತಿಂದೆವು. ದೊಡ್ಡ ಗಾಡಿಯೊಂದು ಬಂದಿತು. ಮಕ್ಕಳು ಎಣಿಸತೊಡಗಿದರು. ಆಗ ತಿಂಗಳಿನಿಂದ ಮೌನವಾಗಿದ್ದ ತಮ್ಮನು ಮೆಲ್ಲಗೆ, “ಏಳು, ಎಂಟು, ಹನ್ನೊಂದು” ಎಂದನು. “ತಪ್ಪು, ತಪ್ಪು!” ಎಂದು ಮಗಳು ಕುಣಿದಳು. ಅಮ್ಮ ನಕ್ಕರು, ನಗುತ್ತಲೇ ಕಣ್ಣೊರಸಿಕೊಂಡರು. ತಂದೆಯವರ ಹೆಸರನ್ನು ಎತ್ತಿ ನಾವೆಲ್ಲರೂ ಒಟ್ಟಿಗೆ ಮಾತನಾಡಿದುದು ಕಾರ್ತಿಕದ ಅನಂತರ ಅಂದೇ ಮೊದಲು.

ತಮ್ಮನ ಕಷ್ಟ ಅಂದಿಗೇ ತೀರಿತೆಂದಲ್ಲ. ಊರಿನ ಸಹಸ್ರಾರು ಜನರಂತೆ ಅವನೂ ಬೆಳಗಿನ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಬಾಳಿಗೆ ಹೊಂದಿಕೊಳ್ಳಬೇಕಾಯಿತು. ಆದರೆ ಆ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಹೋಗತೊಡಗಿದನು. ಸಂಜೆ ಅದರಲ್ಲಿ ಬೆಲ್ಲವಿರುತ್ತಿತ್ತು.

2019ರಲ್ಲಿ ಆ ಹುಡುಗಿಯ ಮದುವೆ ಬಂಗಾರಪೇಟೆಯಲ್ಲಿ ನಡೆಯಿತು. ಅಷ್ಟರಲ್ಲಿ ಅಮ್ಮನೂ ಇರಲಿಲ್ಲ. ಮಂಗಳಕಾರ್ಯದಲ್ಲಿ ಹೋದವರ ಮಾತೇಕೆಂದು ಬಂಧುಗಳಲ್ಲಿ ಕೆಲವರು ಹಿಂಜರಿದರು. ಈ ಬಾರಿ ನಾವು ಏನನ್ನೂ ಬಚ್ಚಿಡಲಿಲ್ಲ. ಧಾರೆಯಾದ ಮೇಲೆ, ನೆಗ್ಗಿಹೋಗಿದ್ದ ಅದೇ ಡಬ್ಬಿಯಲ್ಲಿ ಬೆಲ್ಲ ತಂದು ವಧೂವರರಿಗೆ ಕೊಟ್ಟೆವು. ಗೋಡೆಯಾಚೆಯ ಆ ಗೃಹಿಣಿ, ಈಗ ಮುದುಕಿ, ಮುಂದಿನ ಸಾಲಿನಲ್ಲಿ ಕುಳಿತಿದ್ದರು. ವರನು ಡಬ್ಬಿಯ ಕಥೆಯನ್ನು ಕೇಳಿದನು. ಹುಡುಗಿ ಹೇಳಿದಳು, ತಾತನ ಮುಖ ತನಗೆ ಮಸುಕಾಗಿದೆ, ಬೆಲ್ಲ ಮಾತ್ರ ಚೆನ್ನಾಗಿ ನೆನಪಿದೆ ಎಂದಳು.

ಮಕ್ಕಳ ನೆನಪಿನಲ್ಲಿ ಉಳಿಯುವುದು ಇಂತಹ ಸಣ್ಣ ವಾಡಿಕೆಗಳೇ. ಇದಕ್ಕೆ ಹಣ ಬೇಡ. ತಪ್ಪದೆ ನಡೆಸುವ ಮನಸ್ಸು ಬೇಕು. ದುಃಖದ ಮನೆಯಲ್ಲಿ ಮಕ್ಕಳಿಗೂ ಒಂದು ಕೆಲಸ ಕೊಡಿರಿ. ಹೋದವರ ಹೆಸರನ್ನು ಅವರ ಬಾಯಿಂದ ಕಸಿಯದಿರಿ. ಮಂಗಳದ ಮನೆಯಲ್ಲಿ ಆ ಹೆಸರಿಗೂ ಒಂದೆಡೆ ಇರಲಿ. ಇಷ್ಟನ್ನು ನಾವು ತಡವಾಗಿ ಕಲಿತೆವು. ಕಲಿಸಿದವರು ನಮ್ಮ ತಾಯಿ, ನೆರೆಮನೆಯವರು ಮತ್ತು ಆರು ವರ್ಷದ ಒಬ್ಬ ಹುಡುಗಿ.

ಡಬ್ಬಿ ಈಗ ಅವಳ ಮನೆಯಲ್ಲಿದೆ.