ನಾನು ಕಂಡ ಚಿತ್ರಗಳು

ಶಾಲೆಯ ಸ್ಮರಣ ಸಂಚಿಕೆಗೆ ನಾನೂ ಏನಾದರೂ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಹೇಳಿಕಳುಹಿಸಿದಾಗ, ಯಾವ ವಿಷಯವನ್ನು ಕುರಿತು ಬರೆಯಲಿ ಎಂದು ಕೇಳಿದೆನು. ‘ನಿಮ್ಮ ಮನಸ್ಸಿನಲ್ಲಿ ಇರುವುದನ್ನು’ ಎಂದು ಉತ್ತರ ಬಂದಿತು. ಇದೇ ಶಾಲೆಯಲ್ಲಿ ಹತ್ತು ವರ್ಷ ಓದಿ, ಮೂವತ್ತೈದು ವರ್ಷ ಪಾಠ ಹೇಳಿದವಳ ಮನಸ್ಸಿನಲ್ಲಿ ಇರಬೇಕಾದುವು ವ್ಯಾಕರಣ, ಛಂದಸ್ಸು, ಪವಿತ್ರ ಗ್ರಂಥ ಇವು. ಆದರೆ ನಾನು ಬರೆಯಬೇಕೆಂದಿರುವುದು ಸಿನಿಮಾ ವಿಷಯವನ್ನು. ನನ್ನ ಹಳೆಯ ವಿದ್ಯಾರ್ಥಿನಿಯರು ಇದನ್ನು ಓದಿದರೆ ನಕ್ಕಾರು. ಮೇಜಿನ ಕೆಳಗೆ ಅಡಗಿಸಿಟ್ಟಿದ್ದ ಸಿನಿಮಾ ಪತ್ರಿಕೆಗಳನ್ನು ಕಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದವಳು ನಾನೇ ಅಲ್ಲವೆ? ಹಾಗಿದ್ದರೂ ಬರೆಯುವುದಕ್ಕೆ ಕಾರಣವುಂಟು. ಅದು ಮುಂದೆ ತಾನಾಗಿ ತಿಳಿದುಬರುವುದು.

ಹಲಸೂರಿನ ನಮ್ಮ ಮನೆಯಲ್ಲಿ ಸಿನಿಮಾ ಎಂಬ ಮಾತನ್ನು ಗಟ್ಟಿಯಾಗಿ ಆಡುವಂತಿರಲಿಲ್ಲ. ಇಸ್ಪೀಟು, ಹೆಂಡ, ಸಿನಿಮಾ ಇವು ಮೂರೂ ಒಂದೇ ತಾಯಿಯ ಮಕ್ಕಳೆಂದು ನಮ್ಮ ತಾಯಿಯವರ ಅಭಿಪ್ರಾಯ. ಆದರೆ ಸುತ್ತಲೂ ಇದ್ದುವು ಟಾಕೀಸುಗಳೇ. ಶಿವಾಜಿನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾಟಕಶಾಲೆಯಾಗಿ ಹುಟ್ಟಿದ ಎಲ್ಗಿನ್. ಆಗ ಸೌತ್ ಪೆರೇಡ್ ಎನಿಸಿಕೊಂಡಿದ್ದ ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1936ರಲ್ಲಿ ಬಾಗಿಲು ತೆರೆದ ಪ್ಲಾಜಾ. ಅದರ ಹತ್ತಿರ, ಬ್ರಿಗೇಡ್ ರಸ್ತೆಯಲ್ಲಿ ರೆಕ್ಸ್. ಒಂದೆಡೆ ಇಂಗ್ಲಿಷು, ಒಂದೆಡೆ ತಮಿಳು, ಒಂದೆಡೆ ಹಿಂದಿ. ಕನ್ನಡ ಚಿತ್ರವನ್ನು ನೋಡಬೇಕಾದರೆ ಸಾಧಾರಣವಾಗಿ ಬಸ್ಸು ಹತ್ತಿ ಮೆಜೆಸ್ಟಿಕ್ಕಿನ ಕಡೆಗೆ ಹೋಗಬೇಕಾಗಿದ್ದಿತು. ಟಿಕೆಟ್ಟಿನ ಹಣದ ಜೊತೆಗೆ ಬಸ್ಸಿನ ಹಣವನ್ನೂ ತೆರುವುದು ಕನ್ನಡದವರ ಪಾಲಿಗೆ ಬಂದಿದ್ದ ಸುಂಕ ಎಂದು ನಮ್ಮ ತಂದೆಯವರು ನಗುತ್ತಿದ್ದರು.

ಇದು ಕೇವಲ ವ್ಯಾಪಾರದ ಮಾತಾಗಿರಲಿಲ್ಲ. 1881ರಿಂದ 1947ರವರೆಗೆ ದಂಡಿನ ಆಡಳಿತ ಬ್ರಿಟಿಷರದು, ಪೇಟೆಯ ಆಡಳಿತ ಮಹಾರಾಜರದು. 1949ರಲ್ಲಿ ಎರಡು ಪೌರಸಭೆಗಳೂ ಕೂಡಿ ಒಂದಾದುವು. ಕಾಗದದ ಮೇಲೆ ಒಂದಾದುದು ಬೀದಿಯಲ್ಲಿ ಒಂದಾಗುವುದಕ್ಕೆ ಬಹುಕಾಲ ಹಿಡಿಯಿತು. 1960ರ ದಶಕದಲ್ಲಿ ಅ. ನ. ಕೃಷ್ಣರಾಯರೂ ಮ. ರಾಮಮೂರ್ತಿಗಳೂ ಬೆಂಗಳೂರಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಬೇಕೆಂದು ಬೀದಿಗಿಳಿದಾಗ, ಟಾಕೀಸುಗಳಲ್ಲಿ ಕನ್ನಡ ಚಿತ್ರಗಳು ನಡೆಯಬೇಕೆಂಬುದೂ ಅವರ ಬೇಡಿಕೆಗಳಲ್ಲಿ ಒಂದಾಗಿದ್ದಿತು. ಬೆಳ್ಳಿಯ ತೆರೆಯ ಮೇಲೆ ಯಾರ ಮಾತು ಕೇಳಿಸಬೇಕು ಎಂಬುದು ರಾಜಕೀಯವೇ ಸರಿ ಎಂದು ನನಗೆ ಮೊದಲು ತೋರಿದುದು ಆಗ.

ನಾನು ನೋಡಿದ ಮೊದಲನೆಯ ಚಿತ್ರ ಮಾತ್ರ ಯಾವ ಭಾಷೆಯದೂ ಅಲ್ಲ. ಅದನ್ನು ನೋಡಿದುದು ನಮ್ಮ ಶಾಲೆಯ ಸಭಾಂಗಣದಲ್ಲಿಯೇ. ಶುಭ ಶುಕ್ರವಾರದ ಹಿಂದಿನ ವಾರ ಕಿಟಕಿಗಳಿಗೆ ಕಂಬಳಿಗಳನ್ನು ಕಟ್ಟಿ, ಗೋಡೆಗೆ ಬಿಳಿಯ ದುಪ್ಪಟಿಯನ್ನು ಬಿಗಿದು, ಸೆಸಿಲ್ ಡಿಮಿಲ್ 1927ರಲ್ಲಿ ತೆಗೆದ ‘ಕಿಂಗ್ ಆಫ್ ಕಿಂಗ್ಸ್’ ಎಂಬ ಮೂಕಚಿತ್ರವನ್ನು ತೋರಿಸಿದರು. ಯಂತ್ರದ ಕಟಕಟ ಸದ್ದು, ಬೆಳಕಿನ ಕೋಲಿನಲ್ಲಿ ಆಡುವ ಧೂಳು, ನೆಲದ ಮೇಲೆ ಒತ್ತೊತ್ತಾಗಿ ಕುಳಿತ ನಾವು. ಆ ಚಿತ್ರದಲ್ಲಿ ಕ್ರಿಸ್ತನ ಮುಖ ಬಹಳ ಹೊತ್ತು ಕಾಣಿಸುವುದಿಲ್ಲ. ಕುರುಡಿಯಾದ ಒಬ್ಬ ಪುಟ್ಟ ಹುಡುಗಿಯನ್ನು ಅವನ ಬಳಿಗೆ ಕರೆತರುತ್ತಾರೆ. ತೆರೆಯೆಲ್ಲ ಕತ್ತಲೆಯಾಗುವುದು, ಆ ಕತ್ತಲೆಯಲ್ಲಿ ಮೆಲ್ಲಮೆಲ್ಲನೆ ಬೆಳಕು ಮೂಡಿ, ಅವಳ ಕಣ್ಣಿಗೆ ಮೊದಲು ಬಿದ್ದ ಮುಖವೇ ನಮ್ಮ ಕಣ್ಣಿಗೂ ಬೀಳುವುದು. ನನ್ನ ಪಕ್ಕದಲ್ಲಿದ್ದ ಹುಡುಗಿ ಬಿಕ್ಕಿ ಅತ್ತಳು. ಆ ಕಥೆಯನ್ನು ನಾವು ಎಷ್ಟು ಸಲ ಕೇಳಿರಲಿಲ್ಲ! ಆದರೂ ಕೇಳುವುದೇ ಬೇರೆ. ಕುರುಡಿಯ ಒಳಗೆ ಕುಳಿತು ಕಣ್ಣು ತೆರೆಯುವುದೇ ಬೇರೆ. ಸಿನಿಮಾ ಒಂದು ಕಲೆ ಹೌದೋ ಅಲ್ಲವೋ ಎಂದು ಈಚೆಗೆ ಯಾರಾದರೂ ಚರ್ಚಿಸುವಾಗ ನಾನು ಆ ದುಪ್ಪಟಿಯನ್ನು ನೆನೆದುಕೊಳ್ಳುತ್ತೇನೆ. ಮತ್ತೊಬ್ಬರ ಕಣ್ಣನ್ನು ಸ್ವಲ್ಪ ಹೊತ್ತು ನಮಗೆ ಕಡವಾಗಿ ಕೊಡುವುದು ಆ ಕಲೆಯ ಕೆಲಸ.

ನಾನು ಕಾಲೇಜಿನಲ್ಲಿದ್ದಾಗ ‘ಸಂಸ್ಕಾರ’ ಬಂದಿತು. ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರವಾಗಿ ಮಾಡಿದರು. ಮದರಾಸಿನ ಸೆನ್ಸಾರು ಮಂಡಳಿ ಅದನ್ನು ಮೊದಲು ನಿಷೇಧಿಸಿತು. ದೆಹಲಿಯ ಸರ್ಕಾರವು ಆ ನಿಷೇಧವನ್ನು ತೆಗೆದುಹಾಕಿದ ಮೇಲೆ, ಅದೇ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಕಮಲ ದೊರೆಯಿತು. ಕನ್ನಡ ಚಿತ್ರವೊಂದಕ್ಕೆ ಆ ಮನ್ನಣೆ ಸಂದುದು ಅದೇ ಮೊದಲು.

ಸೈನ್ಯದ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರು ಒಂದು ದಿನ ಇದ್ದಕ್ಕಿದ್ದಂತೆ, ‘ಬಾಮ್ಮ, ಹೋಗಿ ನೋಡಿಬರೋಣ’ ಎಂದರು. ಪಾತ್ರ ಮಾಡುವ ಹೆಂಗಸರು ಎಂಥವರೋ ಏನೋ ಎಂದು ತಾಯಿಯವರು ತಡೆದರು. ತಂದೆಯವರು, ‘ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮೂಕಚಿತ್ರದಲ್ಲಿ ಪಾತ್ರ ಮಾಡಿರಲಿಲ್ಲವೆ? ನಮ್ಮ ಕೈಲಾಸಂ ಜೊತೆಗಿದ್ದರು’ ಎಂದರು. ಅವರು ಹೇಳಿದುದು 1931ರ ‘ಮೃಚ್ಛಕಟಿಕ’ ಚಿತ್ರದ ಮಾತು. ಅದರ ಹಿಂದಿನ ವರ್ಷವೇ ಕಮಲಾದೇವಿಯವರು ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋಗಿಬಂದಿದ್ದರು. ತಾಯಿಯವರು ಮತ್ತೇನೂ ಹೇಳಲಿಲ್ಲ. ಆದರೆ ನಾವು ಹಿಂದಿರುಗಿದಾಗ ಊಟ ಆರಿದ್ದಿತು.

ಚಿತ್ರದ ಕಥೆ ಬಹುಮಂದಿಗೆ ತಿಳಿದದ್ದೇ. ಅಗ್ರಹಾರವೊಂದರಲ್ಲಿ ಆಚಾರವನ್ನು ಬಿಟ್ಟ ನಾರಣಪ್ಪನು ಸಾಯುತ್ತಾನೆ. ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಪಂಡಿತನಾದ ಪ್ರಾಣೇಶಾಚಾರ್ಯನು ಓಲೆಗರಿಗಳನ್ನು ತಿರುವಿಹಾಕುತ್ತಾನೆ, ಉತ್ತರ ದೊರೆಯುವುದಿಲ್ಲ. ಸತ್ತವನೊಡನೆ ಬಾಳಿದ ಚಂದ್ರಿ ಎಂಬ ಕೀಳು ಜಾತಿಯ ಹೆಂಗಸು ಮಾತಿಲ್ಲದೆ ತನ್ನ ಒಡವೆಗಳನ್ನು ಬಿಚ್ಚಿ ಮುಂದಿಡುತ್ತಾಳೆ. ಕೊನೆಗೆ ಸಂಸ್ಕಾರ ನಡೆಯುವುದೂ ಅವಳಿಂದಲೇ. ಗಿರೀಶ ಕಾರ್ನಾಡರು ಆಚಾರ್ಯರಾಗಿದ್ದರು, ಲಂಕೇಶರು ನಾರಣಪ್ಪನಾಗಿದ್ದರು. ಚಂದ್ರಿಯಾಗಿದ್ದವರು ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿಯವರು. ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಅದನ್ನು ತೆಗೆದಿದ್ದರು. ಬಣ್ಣ ಬಳಿದ ಮುಖಗಳಿಲ್ಲ, ಕುಣಿತವಿಲ್ಲ, ಹಾಡಿಲ್ಲ. ಚಂದ್ರಿ ಮಾತಾಡುವುದೇ ಕಡಮೆ. ಆಕೆ ಕಂಬಕ್ಕೆ ಒರಗಿ ನಿಂತ ರೀತಿಯೊಂದು ಇಂದಿಗೂ ನನ್ನ ಕಣ್ಣ ಮುಂದೆ ಇದೆ.

ಹಿಂದಿರುಗುವಾಗ ಬಸ್ಸಿನಲ್ಲಿ ತಂದೆಯವರು ಮಾತಾಡಲಿಲ್ಲ. ಹಲಸೂರಿನಲ್ಲಿ ಇಳಿದ ಮೇಲೆ, ‘ನೋಡಿದೆಯಾಮ್ಮ? ಪುಸ್ತಕ ತೆರೆದುಕೊಂಡು ಕುಳಿತವರು ಅಷ್ಟು ಜನ. ಒಡವೆ ಬಿಚ್ಚಿಟ್ಟವಳು ಅವಳೊಬ್ಬಳು’ ಎಂದರು. ಅಗ್ರಹಾರದವರನ್ನು ನೋಡಿ ನಾವು ನಗಬಾರದೆಂದೂ ಹೇಳಿದರು. ಸ್ಮಶಾನದಲ್ಲಿಯೂ ಸಾಲುಗಳನ್ನು ಬೇರೆ ಮಾಡಿಕೊಂಡವರು ಕ್ರೈಸ್ತರಲ್ಲಿಯೂ ಉಂಟೆಂಬುದನ್ನು ಅವರು ಬಲ್ಲರು. 1974ರಲ್ಲಿ ಅವರು ತೀರಿಕೊಂಡರು. ನಾವಿಬ್ಬರೇ ಕೂಡಿ ನೋಡಿದ ಚಿತ್ರ ಅದೊಂದೇ.

ಮರುವರ್ಷ ನಾನು ಈ ಶಾಲೆಗೆ ಉಪಾಧ್ಯಾಯಿನಿಯಾಗಿ ಸೇರಿದೆನು. ಅದೇ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಬಂದಿತು. ಆಗ ನಾನು ಶನಿವಾರಗಳಲ್ಲಿ ಗೆಳತಿಯರೊಡನೆ ಪ್ಲಾಜಾಕ್ಕೆ ಹೋಗುವುದುಂಟು. ಮುಖ್ಯ ಚಿತ್ರಕ್ಕೆ ಮೊದಲು ಸರ್ಕಾರದ ವಾರ್ತಾಚಿತ್ರವನ್ನು ತೋರಿಸಲೇಬೇಕೆಂಬುದು ಎಲ್ಲ ಟಾಕೀಸುಗಳಿಗೂ ಇದ್ದ ಕಟ್ಟಳೆ. ಇಪ್ಪತ್ತಂಶಗಳ ಕಾರ್ಯಕ್ರಮ, ಹೊತ್ತಿಗೆ ಸರಿಯಾಗಿ ಬರುವ ರೈಲು, ನಗುಮುಖದ ರೈತರು. ಎಲ್ಲವೂ ನಿಜದಂತೆಯೇ ಕಾಣುತ್ತಿದ್ದಿತು. ಆ ಯಂತ್ರದಿಂದ ಬರುವ ಬೆಳಕು ಒಂದೇ ಅಲ್ಲವೆ? ಅದೇ ಕಾಲದಲ್ಲಿ ‘ಆಂಧಿ’ ಎಂಬ ಹಿಂದಿ ಚಿತ್ರವನ್ನು ತಡೆದರು. ‘ಕಿಸ್ಸಾ ಕುರ್ಸೀ ಕಾ’ ಎಂಬುದರ ಪ್ರತಿಗಳನ್ನೇ ನಾಶಮಾಡಿದರು. ಕಣ್ಣನ್ನು ಕಡವಾಗಿ ಕೊಡುವ ಕಲೆಯಿಂದ ಕಣ್ಣನ್ನು ಕಟ್ಟುವುದೂ ಸಾಧ್ಯವೆಂದು ಆಗ ನನಗೆ ತೋರಲಿಲ್ಲ. ಕಡಲೆಕಾಯಿ ತಿನ್ನುತ್ತ ನೋಡಿದೆನು.

1976ರ ಮೇ 2ರಂದು ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿದರು. ಅವರೂ ಅವರ ಪತಿಯೂ ಲೋಹಿಯಾ ಅವರ ವಿಚಾರಗಳನ್ನು ಒಪ್ಪಿದವರು, ಜಾರ್ಜ್ ಫರ್ನಾಂಡಿಸರ ಸ್ನೇಹಿತರು. ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಅವರ ಹೆಸರನ್ನೆಳೆದರು. ಆದರೆ ಕೊನೆಗೆ ಸಲ್ಲಿಸಿದ ಆಪಾದನಾ ಪತ್ರದಲ್ಲಿ ಆ ಹೆಸರಿರಲಿಲ್ಲ. ವಿಚಾರಣೆಯೇ ಇಲ್ಲದೆ ಎಂಟು ತಿಂಗಳು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಅವರನ್ನು ಇಟ್ಟರು. ಅವರಿಗೆ ಉಬ್ಬಸ ರೋಗವಿದ್ದಿತು. ಪತ್ರಿಕೆಗಳಿಗೆ ಸೆನ್ಸಾರು ಇದ್ದುದರಿಂದ ಇದೊಂದೂ ಅಚ್ಚಾಗಲಿಲ್ಲ. ಆದರೆ ಊರಿನಲ್ಲಿ ಪಿಸುಮಾತಿಗೆ ಸೆನ್ಸಾರು ಎಲ್ಲಿಯದು? ನನಗೂ ತಿಳಿಯಿತು.

ಈಗ ನಾನು ಹೇಳಬೇಕಾದ ಮಾತಿಗೆ ಬಂದೆನು. ಅದೇ ವರ್ಷ, ಮಳೆಗಾಲದ ಕೊನೆಯಲ್ಲಿರಬೇಕು, ಒಂಬತ್ತನೆಯ ತರಗತಿಗೆ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವನ್ನು ಪಾಠ ಹೇಳುತ್ತಿದ್ದೆನು. ಹಸಿದವರು, ಬಾಯಾರಿದವರು, ಬಟ್ಟೆಯಿಲ್ಲದವರು, ಸೆರೆಯಲ್ಲಿರುವವರು, ಇವರಿಗೆ ಮಾಡಿದುದು ತನಗೇ ಮಾಡಿದಂತೆ ಎಂದು ಪ್ರಭುವು ಹೇಳುವ ಭಾಗ ಅದು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ‘ಮಿಸ್, ಸಂಸ್ಕಾರ ಸಿನಿಮಾದಲ್ಲಿ ಚಂದ್ರಿ ಆಗಿದ್ದವರು ನಮ್ಮ ಊರಿನ ಜೈಲಿನಲ್ಲಿದ್ದಾರಂತೆ. ನಮ್ಮಣ್ಣ ಹೇಳಿದ. ಅಂಥವರನ್ನೂ ಹೋಗಿ ನೋಡಬೇಕೆಂದು ಇದಕ್ಕೆ ಅರ್ಥವೇ?’ ಎಂದು ಕೇಳಿದಳು.

ತರಗತಿ ನಿಶ್ಶಬ್ದವಾಯಿತು. ಬಾಗಿಲಿನ ಹೊರಗೆ ಯಾರಾದರೂ ಇರುವರೇ ಎಂದು ನಾನು ನೋಡಿದೆನು. ಆಮೇಲೆ, ‘ಅದು ಪರೀಕ್ಷೆಗೆ ಬರುವ ವಿಷಯವಲ್ಲ, ಕುಳಿತುಕೋ’ ಎಂದೆನು. ಅವಳು ಕುಳಿತುಕೊಂಡಳು. ನಾನು ಕೈಯಲ್ಲಿದ್ದ ಪುಸ್ತಕವನ್ನು ನೋಡುತ್ತ ಮುಂದಿನ ವಾಕ್ಯವನ್ನು ಓದಿದೆನು. ಆ ಸೆರೆಮನೆ ನಮ್ಮ ಶಾಲೆಗೆ ಎರಡು ಮೂರು ಮೈಲಿಗಳ ದೂರದಲ್ಲಿದ್ದಿತು. ನಾನು ಹೋಗಿದ್ದರೂ ಒಳಗೆ ಬಿಡುತ್ತಿರಲಿಲ್ಲವೆಂಬುದು ನಿಜ. ಆದರೆ ಹುಡುಗಿ ಕೇಳಿದುದು ಅದನ್ನಲ್ಲ. ಅರ್ಥವೇನೆಂದು ಕೇಳಿದಳು, ಅದನ್ನು ಹೇಳುವುದಕ್ಕೆ ಯಾವ ಜೈಲರ ಅಪ್ಪಣೆಯೂ ಬೇಕಾಗಿರಲಿಲ್ಲ.

1977ರ ಜನವರಿ 15ರಂದು ಕಾಯಿಲೆ ಮಿತಿಮೀರಿದ ಮೇಲೆ ಅವರನ್ನು ಪೆರೋಲಿನ ಮೇಲೆ ಬಿಟ್ಟರು. 18ರಂದು ದೇಶಕ್ಕೆ ಚುನಾವಣೆಯನ್ನು ಸಾರಿದರು. 20ರಂದು ಸ್ನೇಹಲತಾ ರೆಡ್ಡಿಯವರು ತೀರಿಕೊಂಡರು. ಆಗ ಅವರಿಗೆ ಐವತ್ತು ವರ್ಷವೂ ಆಗಿರಲಿಲ್ಲ.

ತುರ್ತುಪರಿಸ್ಥಿತಿ ಕಳೆದ ಮೇಲೆ ಅವರ ಸೆರೆಮನೆಯ ದಿನಚರಿ ಅಚ್ಚಾಯಿತು. ಅವರು ಹುಟ್ಟಿದುದು ಕ್ರೈಸ್ತರ ಮನೆಯಲ್ಲಿ ಎಂಬುದೂ, ಪರರ ಆಳ್ವಿಕೆಯನ್ನು ಸಹಿಸದೆ ಎಳೆಯ ವಯಸ್ಸಿನಲ್ಲಿಯೇ ಪಾಶ್ಚಾತ್ಯ ಹೆಸರನ್ನೂ ಉಡುಪನ್ನೂ ಬಿಟ್ಟವರೆಂಬುದೂ ನನಗೆ ತಿಳಿದುದು ಆಮೇಲೆ. ಮದರಾಸಿನಲ್ಲಿ ‘ಮದ್ರಾಸ್ ಪ್ಲೇಯರ್ಸ್’ ಎಂಬ ನಾಟಕ ತಂಡವನ್ನು ಕಟ್ಟಿದವರಲ್ಲಿ ಅವರೊಬ್ಬರು. ಸೆರೆಯಲ್ಲಿಯೂ ಅವರು ಸುಮ್ಮನಿರಲಿಲ್ಲ. ಅಲ್ಲಿನ ಬಡ ಹೆಂಗಸರನ್ನು ಹೊಡೆಯಬಾರದೆಂದೂ ಅವರಿಗೆ ತಿನ್ನುವಂಥ ಅನ್ನವನ್ನು ಕೊಡಬೇಕೆಂದೂ ಹೋರಾಡಿದರು. ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ಮೌನದಲ್ಲಿ ಅವರ ನರಳಾಟ ಕೇಳಿಸುತ್ತಿದ್ದಿತೆಂದು ಬರೆದಿದ್ದಾರೆ. ತೆರೆಯ ಮೇಲೆ ಒಡವೆಯನ್ನು ಬಿಚ್ಚಿಟ್ಟವರು ತೆರೆಯ ಹೊರಗೆ ಪ್ರಾಣವನ್ನೇ ಬಿಚ್ಚಿಟ್ಟರು. ಪುಸ್ತಕ ತೆರೆದುಕೊಂಡು ಕುಳಿತವರ ಸಾಲಿನಲ್ಲಿ ನಾನಿದ್ದೆನು.

ಆ ಸೆರೆಮನೆ 2008ರಿಂದ ಸ್ವಾತಂತ್ರ್ಯ ಉದ್ಯಾನವಾಗಿದೆ. ನಿವೃತ್ತಳಾದ ಮೇಲೆ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆನು. ಹುಲ್ಲುಹಾಸಿನ ಮೇಲೆ ಮಕ್ಕಳು ಓಡಾಡುತ್ತಿದ್ದರು. ಪ್ಲಾಜಾ ಮೆಟ್ರೋ ಕೆಲಸಕ್ಕೆ ಸಂದುಹೋಯಿತು. ರೆಕ್ಸ್ 2018ರ ಕೊನೆಯಲ್ಲಿ ಮುಚ್ಚಿತು. ಎಲ್ಗಿನ್ನಿನಲ್ಲಿಯೂ ಆಟವಿಲ್ಲ. ಇಂದಿನ ಹುಡುಗಿಯರು ಅಂಗೈಯಲ್ಲಿಯೇ ಚಿತ್ರಗಳನ್ನು ನೋಡುತ್ತಾರೆ. ಬಸ್ಸಿನ ಸುಂಕವೂ ಇಲ್ಲ, ಮೇಜಿನ ಕೆಳಗೆ ಅಡಗಿಸಬೇಕಾದ ಪತ್ರಿಕೆಯೂ ಇಲ್ಲ. ನೋಡಬೇಡಿರೆಂದು ನಾನು ಹೇಳಲಾರೆ. ನೋಡಿದ ಮೇಲೆ, ಯಾರ ಕಣ್ಣಿನಿಂದ ನೋಡಿದೆವು, ಯಾರು ತೋರಿಸಿದರು, ಏನನ್ನು ತೋರಿಸಲಿಲ್ಲ ಎಂದು ಸ್ವಲ್ಪ ಯೋಚಿಸಿರಿ ಎಂದಷ್ಟೇ ಬೇಡುತ್ತೇನೆ. ಪ್ರಶ್ನೆಯೊಂದು ಹುಟ್ಟಿದರೆ ಎದ್ದು ನಿಂತು ಕೇಳಿರಿ. ಉಪಾಧ್ಯಾಯಿನಿಯರಾದ ನನ್ನ ಸೋದರಿಯರೇ, ಕೇಳಿದವಳನ್ನು ಕುಳ್ಳಿರಿಸಬೇಡಿರಿ.

ಆ ಹಿಂದಿನ ಬೆಂಚಿನ ಹುಡುಗಿ ಈಗ ಎಲ್ಲಿರುವಳೋ ನಾನು ಅರಿಯೆ. ಅವಳಿಗೂ ಅರುವತ್ತು ದಾಟಿರಬೇಕು. ಈ ಸಂಚಿಕೆ ಅವಳ ಕೈಗೆ ಬಿದ್ದೀತೆಂಬ ಆಸೆಯಿಂದ ಇಷ್ಟನ್ನು ಬರೆದಿದ್ದೇನೆ. ಮಗಳೇ, ನೀನು ಅಂದು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಅಂದೇ ಗೊತ್ತಿದ್ದಿತು. ಹೌದು, ಅದಕ್ಕೆ ಅರ್ಥ ಅದೇ.